ಮೋಡದಾಚೆಯ ಉಲ್ಕೆಗಳನ್ನು ಕೇಳುವುದು ಹೇಗೆ: ಮೈಸೂರು–ಮಂಡ್ಯದ ತಾರಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಆಗಸ್ಟ್ 12–13ರ ರಾತ್ರಿ ಪರ್ಸೀಡ್ ಉಲ್ಕಾವೃಷ್ಟಿಯನ್ನು ತಪ್ಪದೇ ನೋಡಿ ಎಂದು ಪ್ರತಿವರ್ಷವೂ ಯಾರಾದರೂ ಬರೆಯುತ್ತಾರೆ. ಆ ಹೊತ್ತಿಗೆ ನಮ್ಮ ಆಕಾಶ ಹೇಗಿರುತ್ತದೆ ಎಂಬುದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅದು ಕನ್ನಂಬಾಡಿ ತುಂಬುವ ಕಾಲ. ಚಾಮುಂಡಿ ಬೆಟ್ಟದ ನೆತ್ತಿಯೇ ಮೋಡದೊಳಗೆ ಅಡಗಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಉಲ್ಕಾವೃಷ್ಟಿಗಳ ಪೈಕಿ ಹೆಚ್ಚಿನವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ರೇಡಿಯೊ ತರಂಗಕ್ಕೆ ಮೋಡವೂ ಒಂದೇ, ಬೆಳದಿಂಗಳೂ ಒಂದೇ, ನಡುಹಗಲ ಬಿಸಿಲೂ ಒಂದೇ. ದೂರದ ಎಫ್‌ಎಂ ಕೇಂದ್ರವೊಂದರ ಪ್ರಸಾರ ಉಲ್ಕೆಯ ಜಾಡಿಗೆ ಬಡಿದು ನಮ್ಮ ತಾರಸಿಗೆ ಇಳಿಯುವುದನ್ನು ಹಿಡಿಯಲು ಸಾವಿರಗಟ್ಟಲೆ ರೂಪಾಯಿಯ ದೂರದರ್ಶಕ ಬೇಕಿಲ್ಲ. ಬೇಕಾದದ್ದು ಎರಡು ಅಲ್ಯೂಮಿನಿಯಂ ಕೊಳವೆ, ಟಿವಿ ಕೇಬಲ್, ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ, ತಂತ್ರಾಂಶದಿಂದ ನಡೆಯುವ ಪುಟ್ಟ ರೇಡಿಯೊ), ಹಳೆಯದಾದರೂ ಸರಿ ಒಂದು ಲ್ಯಾಪ್‌ಟಾಪ್.

ಉಪಕರಣ ಸುಲಭ. ನಿಜವಾದ ಕೆಲಸ ಇರುವುದು ಎರಡು ಕಡೆ: ಸರಿಯಾದ ಖಾಲಿ ಕಂಪನಾಂಕವನ್ನು ಹುಡುಕುವುದರಲ್ಲಿ, ಮತ್ತು ಕೇಳಿಸಿದ್ದೆಲ್ಲ ಉಲ್ಕೆಯಲ್ಲ ಎಂದು ಪರೀಕ್ಷಿಸುವುದರಲ್ಲಿ. ಹಾಗಾಗಿ ಈ ಬರಹದಲ್ಲಿ ಅವೆರಡಕ್ಕೇ ಹೆಚ್ಚು ಜಾಗ.

ಆಗುವುದೇನು?

ಉಲ್ಕಾಕಣಗಳು ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತವೆ. ಸುಮಾರು 120ರಿಂದ 80 ಕಿ.ಮೀ. ಎತ್ತರದ ನಡುವೆ ಅವು ಉರಿದು ಆವಿಯಾಗುವಾಗ ದಾರಿಯುದ್ದಕ್ಕೂ ಬಿಡುಗಡೆಯಾದ ಎಲೆಕ್ಟ್ರಾನ್‌ಗಳ ನೀಳವಾದ ಜಾಡೊಂದು ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣವೂ ಇಂಥ ಜಾಡನ್ನು ಬಿಡಬಲ್ಲದು. 30ರಿಂದ 110 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳು ಸಾಮಾನ್ಯವಾಗಿ ಅಯಾನುಗೋಳವನ್ನು (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳನ್ನು) ತೂರಿ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ. ದಾರಿಯಲ್ಲಿ ಈ ಜಾಡು ಸಿಕ್ಕರೆ ಮಾತ್ರ ಕ್ಷಣಕಾಲ ಭೂಮಿಯತ್ತ ತಿರುಗುತ್ತವೆ. 500ರಿಂದ 2,000 ಕಿ.ಮೀ. ದೂರದ, ಮಾಮೂಲಿನಲ್ಲಿ ಎಂದೂ ಕೇಳಿಸದ ಕೇಂದ್ರವೊಂದು ಅರ್ಧ ಸೆಕೆಂಡು ಕೇಳಿಸಿ ಮಾಯವಾಗುತ್ತದೆ.

ಪ್ರತಿ ಉಲ್ಕೆಯೂ ಕೇಳಿಸುವುದಿಲ್ಲ. ಜಾಡು ಕನ್ನಡಿಯಂತೆ ವರ್ತಿಸುವುದರಿಂದ, ಪ್ರಸಾರ ಕೇಂದ್ರಕ್ಕೂ ನಮಗೂ ಹೊಂದುವ ಕೋನದಲ್ಲಿ ಅದು ಬಿದ್ದಿರಬೇಕು. ನಿಮ್ಮ ತಲೆಯ ಮೇಲೆ ಹಾದ ಬೆಂಕಿಯುಂಡೆ ರೇಡಿಯೊದಲ್ಲಿ ಮೌನವಾಗಿರಬಹುದು. ಧಾರವಾಡದ ಮೇಲೆ ಉರಿದ ಧೂಳಿನ ಕಣ ಇಲ್ಲಿ ಸ್ಪಷ್ಟವಾಗಿ ಕೇಳಿಸಬಹುದು. ಕಣ್ಣಿನ ಎಣಿಕೆಗೂ ರೇಡಿಯೊ ಎಣಿಕೆಗೂ ತಾಳೆ ಹಾಕಲು ಹೋಗಬೇಡಿ.

ಜಾಡುಗಳಲ್ಲಿ ಎರಡು ಜಾತಿ. ಪ್ರತಿ ಮೀಟರ್ ಉದ್ದಕ್ಕೆ ಎಲೆಕ್ಟ್ರಾನ್‌ಗಳ ಸಂಖ್ಯೆ 1ರ ಮುಂದೆ 14 ಸೊನ್ನೆ ಹಾಕಿದಷ್ಟಕ್ಕಿಂತ ಕಡಿಮೆಯಿದ್ದರೆ ಅದು ವಿರಳ ಜಾಡು: ಥಟ್ಟನೆ ಏರಿ, ಕೂಡಲೇ ಕರಗುತ್ತದೆ. ಹೆಚ್ಚಿದ್ದರೆ ಸಾಂದ್ರ ಜಾಡು: ಹಲವು ಸೆಕೆಂಡು, ಅಪರೂಪಕ್ಕೆ ನಿಮಿಷದವರೆಗೂ ನಿಲ್ಲುತ್ತದೆ. ವಿರಳ ಜಾಡಿನ ಪ್ರತಿಧ್ವನಿಯ ಅವಧಿ ತರಂಗದ ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. 50 ಮೆಗಾಹರ್ಟ್ಸ್‌ನಲ್ಲಿ ಇರುವಷ್ಟು ಹೊತ್ತಿನ ಕಾಲುಭಾಗ ಮಾತ್ರ 100 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಎಫ್‌ಎಂ ಪಟ್ಟಿ ಈ ಕೆಲಸಕ್ಕೆ ಅತ್ಯುತ್ತಮವಲ್ಲ ಎಂಬುದು ಇದರಿಂದ ಸ್ಪಷ್ಟ. ಬೆಲ್ಜಿಯಂನವರಿಗೆ 49.97 ಮೆಗಾಹರ್ಟ್ಸ್‌ನಲ್ಲಿ ಉಲ್ಕೆಗಳಿಗೆಂದೇ ಇರುವ ಬೀಕನ್, ಅಂದರೆ ಒಂದೇ ಕಂಪನಾಂಕದಲ್ಲಿ ಸಿಗ್ನಲ್ ಬಿಡುವ ಪ್ರೇಷಕ, ಇದೆ. ಯುರೋಪಿನ ಬಹುಪಾಲು ಹವ್ಯಾಸಿಗಳು ಫ್ರಾನ್ಸಿನ ಗ್ರಾವ್ಸ್ ರೇಡಾರಿನ 143.05 ಮೆಗಾಹರ್ಟ್ಸ್ ಹಿಡಿಯುತ್ತಾರೆ. ಅಂತರ್ಜಾಲದಲ್ಲಿ ಸಿಗುವ ಪಾಠಗಳೆಲ್ಲ ಬಹುಮಟ್ಟಿಗೆ ಅವರವೇ. ಆ ಕಂಪನಾಂಕಗಳನ್ನು ಇಲ್ಲಿ ಹಾಕಿಕೊಂಡು ಕೂತರೆ ಬೆಳಗಾಗುವವರೆಗೂ ಶೂನ್ಯ. ದೂರದರ್ಶನದ ಹಳೆಯ ಅನಲಾಗ್ ಪ್ರೇಷಕಗಳಿದ್ದಾಗ ಅವುಗಳ ವಾಹಕ ತರಂಗ (ಚಿತ್ರ, ಧ್ವನಿಗಳನ್ನು ಹೊರುವ ಮೂಲ ತರಂಗ) ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅವೂ ಒಂದೊಂದಾಗಿ ಮುಚ್ಚಿದವು. ನಮಗೆ ಉಳಿದಿರುವುದು ಎಫ್‌ಎಂ.

ಈ ವಿದ್ಯೆ ನಮಗೆ ಹೊರಗಿನದೇನಲ್ಲ. ದೆಹಲಿಯ ರೇಡಿಯೊ ಎಂಜಿನಿಯರುಗಳಾದ ಚಮನ್‌ಲಾಲ್ ಮತ್ತು ವೆಂಕಟರಾಮನ್ ಶಾರ್ಟ್‌ವೇವ್ ಪ್ರಸಾರದ ಮೇಲೆ ಕೇಳಿಸುತ್ತಿದ್ದ ವಿಚಿತ್ರ ಶಿಳ್ಳೆಗಳು ಉಲ್ಕೆಗಳಿಂದ ಹುಟ್ಟುವ ಡಾಪ್ಲರ್ ಸ್ವರಗಳೆಂದು 1941ರಲ್ಲೇ ವಿವರಿಸಿದ್ದರು. ಇಂಗ್ಲೆಂಡಿನಲ್ಲಿ ಖಗೋಳವಿಜ್ಞಾನಿ ಬರ್ನಾರ್ಡ್ ಲವೆಲ್ ಜೋಡ್ರೆಲ್ ಬ್ಯಾಂಕ್ ಎಂಬಲ್ಲಿ ಉಲ್ಕಾ ರೇಡಾರ್ ಶುರುಮಾಡಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ.

ಖಾಲಿ ಕಂಪನಾಂಕದ ಬೇಟೆ

ನಿಮಗೆ ಬೇಕಾದ ಕಂಪನಾಂಕಕ್ಕೆ ಎರಡು ಗುಣವಿರಬೇಕು: ನಿಮ್ಮೂರಲ್ಲಿ ಅದು ಸಂಪೂರ್ಣ ಖಾಲಿಯಾಗಿರಬೇಕು, 600ರಿಂದ 1,800 ಕಿ.ಮೀ. ದೂರದಲ್ಲಿ ಅದೇ ಕಂಪನಾಂಕದಲ್ಲಿ ದೊಡ್ಡ ಕೇಂದ್ರವೊಂದು ಹಗಲಿರುಳು ಪ್ರಸಾರ ಮಾಡುತ್ತಿರಬೇಕು.

ಮೊದಲು ಸ್ಥಳೀಯ ಪಟ್ಟಿ ಮಾಡಿ. 87.5ರಿಂದ 108ರವರೆಗೆ 0.1 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಸಾಗುತ್ತ, ಕೇಳಿಸಿದ್ದನ್ನೂ ಕೇಳಿಸೀ ಕೇಳಿಸದಂತೆ ಇರುವುದನ್ನೂ ಬರೆದುಕೊಳ್ಳಿ. ಮೈಸೂರು ಆಕಾಶವಾಣಿಯ 100.6 ಎಲ್ಲಕ್ಕಿಂತ ಗಟ್ಟಿ. ತಾರಸಿಯ ಮೇಲೆ ಒಳ್ಳೆಯ ಆಂಟೆನಾ ಇದ್ದರೆ ಮಡಿಕೇರಿಯ 103.1, ಹಾಸನದ 102.2, ಬೆಂಗಳೂರಿನ 101.3 ಮತ್ತು 102.9 ಕೂಡ ಇಣುಕುತ್ತವೆ. ಕೊಡೈಕೆನಾಲ್‌ನ ಎಫ್‌ಎಂ ಬೆಟ್ಟದ ತುದಿಯಿಂದ 100.5ರಲ್ಲಿ ಬಿತ್ತರವಾಗುವುದರಿಂದ ಬಹುದೂರ ಕೈಚಾಚುತ್ತದೆ. ಇವುಗಳ ಅಕ್ಕಪಕ್ಕದ 0.2 ಮೆಗಾಹರ್ಟ್ಸ್ ಜಾಗವನ್ನೂ ಹೊಡೆದುಹಾಕಿ. ಎಫ್‌ಎಂ ಸಿಗ್ನಲ್ ಸುಮಾರು 200 ಕಿಲೋಹರ್ಟ್ಸ್ ಅಗಲ. ಗಟ್ಟಿ ಕೇಂದ್ರದ ನೆರೆಯಲ್ಲಿ ಸೂಕ್ಷ್ಮವಾದದ್ದು ಬದುಕುವುದಿಲ್ಲ. ಮುಂಬೈಯ 100.7 ನಮಗೆ ನಿರುಪಯೋಗಿಯಾಗುವುದು ಈ ಕಾರಣಕ್ಕೇ: ಪಕ್ಕದಲ್ಲೇ ಮೈಸೂರಿನ 100.6 ಕೂತಿದೆ.

ಖಾಸಗಿ ವಾಹಿನಿಗಳ ಕಂಪನಾಂಕಗಳಿಂದಲೂ ದೂರವಿರಿ. 93.5, 91.1ರಂಥ ಸಂಖ್ಯೆಗಳನ್ನು ಒಂದೇ ಸಂಸ್ಥೆ ಹಲವು ನಗರಗಳಲ್ಲಿ ಬಳಸುತ್ತದೆ. ಹತ್ತಿರದ ನಗರದ ಸಿಗ್ನಲ್ ನಿಮ್ಮ ಎಣಿಕೆಯನ್ನು ಕೆಡಿಸುತ್ತದೆ. ಆಕಾಶವಾಣಿಯ ದೊಡ್ಡ ಪ್ರೇಷಕಗಳೇ ಮೇಲು. ನನ್ನ ಮೊದಲ ಆಯ್ಕೆ ಮುಂಬೈಯ ರೇನ್‌ಬೋ, 107.1. ಮೈಸೂರಿನಿಂದ ಸುಮಾರು 850 ಕಿ.ಮೀ. ದೂರ, ಅಂದರೆ ಈ ತಂತ್ರಕ್ಕೆ ಬಹಳ ಒಳ್ಳೆಯ ಅಂತರ. ದೆಹಲಿಯ 102.6 ಸುಮಾರು 1,800 ಕಿ.ಮೀ. ಆಚೆಗಿದ್ದು ಮಿತಿಯ ಅಂಚಿನಲ್ಲಿದೆ. ಉಲ್ಕೆ ಮಧ್ಯದಾರಿಯಲ್ಲಿ ಉರಿದರೂ ನಮಗೆ ದಿಗಂತಕ್ಕೆ ಅಂಟಿಕೊಂಡಂತೆ ಇರುತ್ತದೆ. ಹೈದರಾಬಾದಿನ 101.9, ಸುಮಾರು 600 ಕಿ.ಮೀ., ಇನ್ನೊಂದು ಸಾಧ್ಯತೆ.

ಆಯ್ದ ಕಂಪನಾಂಕವನ್ನು ಒಂದು ದಿನವಿಡೀ ಸುಮ್ಮನೆ ಕೇಳಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ಬರೀ ಸೊಯ್ ಎನ್ನುವ ಸದ್ದೇ ಇದ್ದರೆ ಅದು ನಿಮ್ಮದು. ಯಾವ ಹೊತ್ತಿನಲ್ಲಾದರೂ ಮಾತು ತೆಳುವಾಗಿ ನಿರಂತರ ಕೇಳಿಸಿದರೆ ಬಿಟ್ಟು ಮುಂದೆ ಹೋಗಿ.

ಬೆಟ್ಟ ಹತ್ತಬೇಡಿ

ರೇಡಿಯೊ ಎಂದರೆ ಎತ್ತರಕ್ಕೆ ಹೋಗಬೇಕು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚಾಮುಂಡಿ ಬೆಟ್ಟದ ಮೇಲಿಂದ ನೀವು ಕೇಳುವುದು ಬೆಂಗಳೂರು, ಮಡಿಕೇರಿ, ಹಾಸನ ಎಲ್ಲವನ್ನೂ, ಉಲ್ಕೆಯನ್ನಲ್ಲ. ಸ್ಥಳೀಯ ಕೇಂದ್ರಗಳ ಸಿಗ್ನಲ್ ದಿಗಂತದ ಮಟ್ಟದಲ್ಲಿ ಬರುತ್ತದೆ. ಮುಂಬೈ ದಾರಿಯ ನಡುವೆ, ನಮ್ಮಿಂದ 425 ಕಿ.ಮೀ. ದೂರದಲ್ಲಿ, 95 ಕಿ.ಮೀ. ಎತ್ತರದ ಉಲ್ಕೆಯ ಜಾಡು ನಮಗೆ ದಿಗಂತದಿಂದ ಸುಮಾರು 11 ಡಿಗ್ರಿ ಮೇಲೆ ಇರುತ್ತದೆ. ಹಾಗಾಗಿ ದಿಗಂತವನ್ನು ಏಳೆಂಟು ಡಿಗ್ರಿಯವರೆಗೆ ಮುಚ್ಚುವ ಅಡ್ಡಗೋಡೆಯೊಂದು ಸಿಕ್ಕರೆ ಅದು ವರ.

ಚಾಮುಂಡಿ ಬೆಟ್ಟವೇ ಅಂಥ ಗೋಡೆ. ಸುತ್ತಲ ನೆಲದಿಂದ ಅದು ಸುಮಾರು 300 ಮೀಟರ್ ಎದ್ದಿದೆ. ಬೆಟ್ಟದ ದಕ್ಷಿಣಕ್ಕೆ, ಉತ್ತನಹಳ್ಳಿ ಕಡೆ ಎರಡೂವರೆ ಕಿ.ಮೀ. ದೂರದಲ್ಲಿ ನಿಂತರೆ ಅದು ಏಳು ಡಿಗ್ರಿಯಷ್ಟು ದಿಗಂತವನ್ನು ನುಂಗುತ್ತದೆ. ಯಾದವಗಿರಿಯ ಆಕಾಶವಾಣಿ ನಗರದ ಆಚೆ ಬದಿಗಿರುವುದರಿಂದ ಅದು ಬೆಟ್ಟದ ನೆರಳಿಗೆ ಬೀಳುತ್ತದೆ, ಮುಂಬೈ ದಿಕ್ಕಿನ 11 ಡಿಗ್ರಿ ಮಾತ್ರ ನೆತ್ತಿಯ ಮೇಲಿಂದ ತೆರೆದೇ ಇರುತ್ತದೆ. ಕುವೆಂಪುನಗರದಲ್ಲೋ ಸರಸ್ವತಿಪುರದಲ್ಲೋ ಮನೆಯಿರುವವರಿಗೆ ಈ ಭಾಗ್ಯವಿಲ್ಲ. ಅವರು ಪಕ್ಕದ ಎತ್ತರದ ಕಟ್ಟಡವನ್ನೇ ಮರೆಯಾಗಿ ಬಳಸಿಕೊಳ್ಳಬೇಕು. ಮಂಡ್ಯ ಜಿಲ್ಲೆಯಲ್ಲಿ ಮೇಲುಕೋಟೆ, ಪಾಂಡವಪುರದ ಬೆಟ್ಟಗುಡ್ಡಗಳ ಬುಡದ ಹಳ್ಳಿಗಳು ಇದಕ್ಕೆ ಹೇಳಿಮಾಡಿಸಿದ ಜಾಗ.

ಆಂಟೆನಾ: ಎರಡು ಕೊಳವೆ ಸಾಕು

ಹಲವು ಕಡ್ಡಿಗಳಿದ್ದು ಒಂದೇ ದಿಕ್ಕಿಗೆ ಮುಖ ಮಾಡುವ ಯಾಗಿ ಆಂಟೆನಾ ಕಟ್ಟಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಮೊದಲಿಗೆ ಬೇಡ. ಸಾದಾ ಅರ್ಧತರಂಗ ಡೈಪೋಲ್ (ಒಟ್ಟು ಉದ್ದ ತರಂಗದ ಅರ್ಧದಷ್ಟಿರುವ, ಎರಡು ತೋಳಿನ ಆಂಟೆನಾ) ಇಲ್ಲಿ ಹೆಚ್ಚು ಜಾಣತನದ ಆಯ್ಕೆ; ಕಾರಣ ನಮ್ಮ ಭೂಗೋಳದಲ್ಲೇ ಇದೆ.

ಡೈಪೋಲ್ ತನ್ನ ಎರಡು ಬದಿಗಳಿಗೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಎರಡು ತುದಿಗಳ ದಿಕ್ಕಿಗೆ ಬಹುತೇಕ ಕಿವುಡು. ಮೈಸೂರಿನಿಂದ ಮುಂಬೈ ಇರುವುದು ಉತ್ತರದಿಂದ ಪಶ್ಚಿಮಕ್ಕೆ ಸುಮಾರು 28 ಡಿಗ್ರಿ ವಾಲಿದ ದಿಕ್ಕಿನಲ್ಲಿ. ಡೈಪೋಲಿನ ಬದಿಯನ್ನು ಅತ್ತ ತಿರುಗಿಸಿದರೆ ಅದರ ಒಂದು ತುದಿ ಉತ್ತರದಿಂದ ಪೂರ್ವಕ್ಕೆ 62 ಡಿಗ್ರಿಯತ್ತ ಚಾಚುತ್ತದೆ. ಬೆಂಗಳೂರು ಇರುವುದು 54 ಡಿಗ್ರಿಯಲ್ಲಿ. ಅಂದರೆ ಮುಂಬೈಗೆ ಮುಖ ಮಾಡಿದ ಕೂಡಲೇ ಬೆಂಗಳೂರಿನ ಕೇಂದ್ರಗಳ ಹಾವಳಿ ತಾನಾಗಿಯೇ ತಗ್ಗುತ್ತದೆ. ಮಂಡ್ಯದವರು ಇನ್ನೂ ಪುಣ್ಯವಂತರು: ಅವರಿರುವುದು ಬೆಂಗಳೂರು–ಮೈಸೂರು ರೇಖೆಯ ಮೇಲೆಯೇ. ಡೈಪೋಲಿನ ಒಂದು ತುದಿ ಬೆಂಗಳೂರಿಗೆ, ಇನ್ನೊಂದು ಮೈಸೂರಿಗೆ. ಎರಡೂ ಊರುಗಳ ಬಾಯಿಗೆ ಒಂದೇ ಕೊಳವೆಯಿಂದ ಬೀಗ. ಹಿಂಬದಿ ನೋಡುವುದು ಎತ್ತ ಅಂದುಕೊಂಡಿರಿ? ನೇರವಾಗಿ ಕೊಲಂಬೊ ಕಡೆಗೆ, ಸುಮಾರು 690 ಕಿ.ಮೀ. ಯಾಗಿ ಹಾಕಿದ್ದರೆ ಆ ಬದಿ ಮುಚ್ಚಿಹೋಗುತ್ತಿತ್ತು.

ಅಳತೆಯ ಸೂತ್ರ ಸರಳ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 107.1ಕ್ಕೆ 1.33 ಮೀಟರ್, ಪ್ರತಿ ತೋಳು ಸುಮಾರು 66 ಸೆಂ.ಮೀ. ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 10–12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕೊಳವೆ ಕೊಂಡು ಎರಡು ತುಂಡು ಮಾಡಿ. ಪಿವಿಸಿ ‘ಟೀ’ ಜೋಡಣೆಯ ಎರಡು ಬಾಯಿಗೆ ಒಂದೊಂದು ತುಂಡು ತೂರಿಸಿ, ಒಳಗೆ ಎರಡರ ನಡುವೆ 2 ಸೆಂ.ಮೀ. ಅಂತರ ಬಿಟ್ಟು ಸ್ಟೀಲ್ ಸ್ಕ್ರೂ ಬಿಗಿಯಿರಿ. ಮೂರನೆಯ ಬಾಯಿ ಕಂಬಕ್ಕೆ. ಕಂಬವೂ ಮೇಲ್ಭಾಗದಲ್ಲಾದರೂ ಪಿವಿಸಿಯದೇ ಆಗಿರಲಿ.

ಕೇಬಲ್‌ಗೆ ಟಿವಿಯವರು ಬಳಸುವ ಆರ್‌ಜಿ-6 ಸಾಕು. ಡೈಪೋಲಿನ ಪ್ರತಿರೋಧ 73 ಓಮ್, ಕೇಬಲಿನದು 75; ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ಕೇಬಲಿನ ನಡುತಂತಿ ಒಂದು ತೋಳಿಗೆ, ಹೊರಜಾಲರಿ ಇನ್ನೊಂದಕ್ಕೆ. ಇಲ್ಲಿ ಒಂದು ಸಣ್ಣ ತೊಡಕು: ಅಗ್ಗದ ಆರ್‌ಜಿ-6ರ ಜಾಲರಿ ಅಲ್ಯೂಮಿನಿಯಂ ಆಗಿರುವುದರಿಂದ ಅದಕ್ಕೆ ಬೆಸುಗೆ ಹಿಡಿಯುವುದೇ ಇಲ್ಲ. ಜಾಲರಿಯನ್ನು ಹಿಂದಕ್ಕೆ ಮಡಚಿ, ಹೊಸೆದು, ಎರಡು ಸ್ಟೀಲ್ ವಾಷರುಗಳ ನಡುವೆ ಸಿಕ್ಕಿಸಿ ಸ್ಕ್ರೂ ಬಿಗಿಯಬೇಕು. ಆಮೇಲೆ ಇಡೀ ಜೋಡಣೆಯನ್ನು ಎಂ-ಸೀಲ್ ಅಥವಾ ಸಿಲಿಕೋನ್‌ನಿಂದ ಮುಚ್ಚಿ. ಒಂದು ಮಳೆಗಾಲದ ನೀರು ಒಳಗಿಳಿದರೆ ಕೇಬಲ್ ಕಪ್ಪಾಗಿ, ಸಿಗ್ನಲ್ ಸದ್ದಿಲ್ಲದೆ ಸಾಯುತ್ತದೆ. ಜೋಡಣೆಯ ಕೆಳಗೇ ಕೇಬಲನ್ನು 10–12 ಸೆಂ.ಮೀ. ಅಗಲದ ಆರೇಳು ಸುತ್ತು ಸುತ್ತಿ ಕಟ್ಟಿ. ಕೇಬಲಿನ ಹೊರಮೈ ಮನೆಯೊಳಗಿನ ಗದ್ದಲವನ್ನು ಹೊತ್ತು ಆಂಟೆನಾಕ್ಕೆ ತಲುಪಿಸುವುದನ್ನು ಆ ಸುರುಳಿ ತಡೆಯುತ್ತದೆ.

ಎತ್ತರ: ತಾರಸಿಯಿಂದ 2.8 ಮೀಟರ್, ಅಂದರೆ ಒಂದು ಪೂರ್ಣ ತರಂಗದ ಉದ್ದ. ಸಮತಟ್ಟು ನೆಲದ ಲೆಕ್ಕದಲ್ಲಿ ಇಷ್ಟು ಎತ್ತರದ ಅಡ್ಡ ಡೈಪೋಲ್ ದಿಗಂತದಿಂದ 14–15 ಡಿಗ್ರಿ ಮೇಲಕ್ಕೆ ಚೆನ್ನಾಗಿ ನೋಡುತ್ತದೆ; ನಮಗೆ ಬೇಕಾದದ್ದೂ ಅಷ್ಟೇ. ಇದಕ್ಕಿಂತ ತಗ್ಗಿಸಿದರೆ ನೋಟ ತೀರಾ ಮೇಲಕ್ಕೆ ಹೋಗುತ್ತದೆ.

ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗುಮಳೆಗಳಲ್ಲಿ ಕೇಬಲನ್ನು ಬಿಚ್ಚಿ ಮನೆಯ ಹೊರಗೇ ಬಿಡಿ. ತಾರಸಿಯ ಲೋಹದ ಕಂಬವಿದ್ದರೆ ಅದಕ್ಕೆ ಅರ್ಥಿಂಗ್ ಬೇಕೇಬೇಕು. ಗುಡುಗು ಕೇಳಿಸಿದ ಮೇಲೆ ತಾರಸಿಗೆ ಓಡಿ ಬಿಚ್ಚುವುದಲ್ಲ, ಮೋಡ ಕಟ್ಟುವಾಗಲೇ ಬಿಚ್ಚಬೇಕು. ಇದರಲ್ಲಿ ರಾಜಿಯಿಲ್ಲ. ಬೆಟ್ಟದ ಆಸುಪಾಸಿನ ಬಡಾವಣೆಗಳವರು ಕೋತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಡ್ಡ ಕೊಳವೆ ಕಂಡರೆ ಅವು ಜೋತಾಡದೆ ಬಿಡುವುದಿಲ್ಲ.

ರಿಸೀವರ್ ಮತ್ತು ಗೇನ್

ಬರೀ ಕೇಳಿಸಿಕೊಳ್ಳುವವರಿಗೆ ಮುಳ್ಳು ತಿರುಗಿಸುವ ಹಳೆಯ ಎಫ್‌ಎಂ ರೇಡಿಯೊ ಸಾಕು. ಎಎಫ್‌ಸಿ ಗುಂಡಿಯಿದ್ದರೆ (ಕಂಪನಾಂಕವನ್ನು ತಾನೇ ಸರಿಹೊಂದಿಸಿಕೊಳ್ಳುವ ಸೌಲಭ್ಯ) ಅದನ್ನು ಆಫ್ ಮಾಡಿ. ಇಲ್ಲವಾದರೆ ಅದು ಪಕ್ಕದ ಗಟ್ಟಿ ಕೇಂದ್ರಕ್ಕೆ ಜಾರಿಕೊಳ್ಳುತ್ತದೆ. ಹೊಸ ಡಿಜಿಟಲ್ ರೇಡಿಯೊಗಳು ಸಿಗ್ನಲ್ ಇಲ್ಲದಾಗ ತಾವೇ ಬಾಯಿಮುಚ್ಚುವುದರಿಂದ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಎಣಿಕೆ ಮಾಡಬೇಕೆಂದರೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬೇಕು. ಸುಮಾರು 24ರಿಂದ 1,766 ಮೆಗಾಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುವ ಇದನ್ನು ಯುಎಸ್‌ಬಿಗೆ ಸಿಕ್ಕಿಸಿ, ಎಸ್‌ಡಿಆರ್‌ಶಾರ್ಪ್, ಎಸ್‌ಡಿಆರ್‌ಪ್ಲಸ್‌ಪ್ಲಸ್ ಅಥವಾ ಜಿಕ್ಯೂಆರ್‌ಎಕ್ಸ್‌ನಲ್ಲಿ ತೆರೆಯಬಹುದು. ಆರ್‌ಜಿ-6ರ ಎಫ್ ಕನೆಕ್ಟರಿನಿಂದ ಡಾಂಗಲಿನ ಎಸ್‌ಎಂಎಗೆ ಹೊಂದಿಸುವ ಪರಿವರ್ತಕವನ್ನು ಜೊತೆಗೇ ಕೊಳ್ಳಿ. ಕೇವಲ ಕೇಳಿಸಿಕೊಳ್ಳಿ, ಪ್ರಸಾರ ಮಾಡಲು ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಬೇಕು, ಈ ಪಟ್ಟಿಯಲ್ಲಂತೂ ಅದಕ್ಕೂ ಅವಕಾಶವಿಲ್ಲ.

ಡಾಂಗಲಿನ ದೊಡ್ಡ ದೌರ್ಬಲ್ಯ ಅದರ 8 ಬಿಟ್‌ನ ಕಿರಿದಾದ ವ್ಯಾಪ್ತಿ. 100.6ರಂಥ ಗಟ್ಟಿ ಕೇಂದ್ರದ ಮುಂದೆ ಅದು ಕಂಗಾಲಾಗಿ, ಇಲ್ಲದ ಜಾಗದಲ್ಲೂ ಆ ಕೇಂದ್ರದ ನೆರಳುಗಳನ್ನು ಮೂಡಿಸುತ್ತದೆ. ಗೇನ್ ಎಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ. ಸ್ವಯಂಚಾಲಿತ ಗೇನನ್ನು ಆಫ್ ಮಾಡಿ. ಆಂಟೆನಾ ಕಳಚಿ ಗದ್ದಲದ ತಳಮಟ್ಟ ಎಷ್ಟೆಂದು ನೋಡಿಕೊಳ್ಳಿ. ಆಂಟೆನಾ ಹಾಕಿ, ತಳಮಟ್ಟ ಅದಕ್ಕಿಂತ 5–6 ಡೆಸಿಬೆಲ್ ಮೇಲೇರುವವರೆಗೆ ಗೇನ್ ಏರಿಸಿ ನಿಲ್ಲಿಸಿ. ಅಲ್ಲಿಂದ ಮುಂದೆ ಏರಿಸಿದ್ದೆಲ್ಲ ನೆರಳುಗಳಿಗೇ ಆಹಾರ. 107.1ರಲ್ಲಿ ಏನಾದರೂ ಕೇಳಿಸುತ್ತಿದ್ದು, ಅದೇ ಕ್ಷಣದಲ್ಲಿ 100.6ರಲ್ಲೂ ಅದೇ ಹಾಡು ಬರುತ್ತಿದ್ದರೆ ನೀವು ಕೇಳುತ್ತಿರುವುದು ನೆರಳನ್ನು.

ಮನೆಯೊಳಗಿನ ಗದ್ದಲ

ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಲ್ಯಾಪ್‌ಟಾಪಿನ ಸ್ವಂತ ಅಡಾಪ್ಟರ್: ಇವೆಲ್ಲ ಎಫ್‌ಎಂ ಪಟ್ಟಿಯಲ್ಲಿ ಕಸ ಸುರಿಯುತ್ತವೆ. ಇವನ್ನು ಪತ್ತೆಹಚ್ಚುವ ಅತ್ಯುತ್ತಮ ಹೊತ್ತು ಕರೆಂಟು ಹೋದಾಗ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿರಲಿ, ಇನ್ವರ್ಟರನ್ನೂ ಆರಿಸಿ, ತಳಮಟ್ಟ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಕರೆಂಟು ಬಂದ ಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ಕಳ್ಳ ಸಿಗುತ್ತಾನೆ. ಡಾಂಗಲನ್ನು ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸದೆ ಒಂದೂವರೆ ಮೀಟರಿನ ಯುಎಸ್‌ಬಿ ಕೇಬಲಿನ ಮೂಲಕ ದೂರ ಇಡಿ.

ಯಾವುದು ಉಲ್ಕೆ, ಯಾವುದಲ್ಲ

ಕಿವಿಗೆ ಅದು ಹೀಗೆ ಬರುತ್ತದೆ: ಸೊಯ್ ಎನ್ನುವ ನಿರಂತರ ಸದ್ದಿನ ನಡುವೆ ಥಟ್ಟನೆ ಮೌನದ ಒಂದು ಕಿಟಕಿ ತೆರೆದು, ಒಂದು ಹಿಂದಿ ಪದದ ಅರ್ಧವೋ ತಬಲಾದ ಎರಡು ಪೆಟ್ಟೋ ಸ್ವಚ್ಛವಾಗಿ ಕೇಳಿಸಿ, ಮತ್ತೆ ಸೊಯ್. ಸಾಂದ್ರ ಜಾಡಾದರೆ ಹಾಡಿನ ಒಂದು ಸಾಲು ಪೂರ್ತಿ ಸಿಗಬಹುದು, ನಡುನಡುವೆ ಅಲೆಯಾಗಿ ಏರಿಳಿಯುತ್ತ. ಆ ಏರಿಳಿತಕ್ಕೆ ಕಾರಣ 90 ಕಿ.ಮೀ. ಎತ್ತರದ ಗಾಳಿ, ಅದು ಜಾಡನ್ನು ತಿರುಚಿ, ಹಲವು ಕಡೆಯಿಂದ ಪ್ರತಿಫಲಿಸುವಂತೆ ಮಾಡುತ್ತದೆ. ಆದ್ದರಿಂದ ಒಂದರ ಹಿಂದೊಂದು ಸೇರಿ ಬರುವ ಉಬ್ಬುಗಳನ್ನು ಒಂದೇ ಉಲ್ಕೆಯೆಂದು ಎಣಿಸಬೇಕು.

ಇನ್ನು ಸೋಗುಗಾರರು. ವಿಮಾನದ ಪ್ರತಿಫಲನ ನಿಧಾನವಾಗಿ ಏರಿ, ನಡುಗುತ್ತ, ಹತ್ತಾರು ಸೆಕೆಂಡು ಇದ್ದು ನಿಧಾನವಾಗಿ ಇಳಿಯುತ್ತದೆ. ಥಟ್ಟನೆಯ ಏರಿಕೆ ಅದಕ್ಕಿಲ್ಲ. ಅದು ಹೆಚ್ಚಾಗಿ ತರುವುದು ಬೆಂಗಳೂರು, ಚೆನ್ನೈಯಂಥ ಹತ್ತಿರದ ಕೇಂದ್ರಗಳನ್ನು. ಮಿಂಚು ಪರದೆಯ ಮೇಲೆ ಎಲ್ಲ ಕಂಪನಾಂಕಗಳನ್ನೂ ಸೀಳಿಕೊಂಡು ಹೋಗುವ ಒಂದೇ ಗೆರೆ. ಉಲ್ಕೆಯ ಗುರುತು ನಿಮ್ಮ ಕೇಂದ್ರದ ಅಗಲಕ್ಕಷ್ಟೇ ಸೀಮಿತ. ಅಕ್ಕಪಕ್ಕದ ಖಾಲಿ ಜಾಗವೊಂದನ್ನು ಸದಾ ಜೊತೆಯಲ್ಲೇ ಅಳೆಯುತ್ತಿದ್ದರೆ ಈ ವ್ಯತ್ಯಾಸವನ್ನು ಕಂಪ್ಯೂಟರೇ ಮಾಡುತ್ತದೆ. ಎರಡೂ ಕಡೆ ಒಟ್ಟಿಗೆ ಏರಿದ್ದು ಕಸ.

ಕಷ್ಟದ್ದು ವಿರಳ-ಇ (ಸ್ಪೊರಾಡಿಕ್-ಇ) ಪದರ; ವಿರಳ ಜಾಡಿಗೂ ಇದಕ್ಕೂ ಸಂಬಂಧವಿಲ್ಲ. ಮೇಯಿಂದ ಜುಲೈವರೆಗೆ ಕೆಲವು ದಿನ ಅಯಾನುಗೋಳದ ಇ ಪದರದಲ್ಲಿ ದಟ್ಟ ತೇಪೆಗಳು ಮೂಡಿ, ಸಾವಿರಾರು ಕಿ.ಮೀ. ದೂರದ ಎಫ್‌ಎಂ ಕೇಂದ್ರಗಳು ನಿಮಿಷಗಟ್ಟಲೆ, ಗಂಟೆಗಟ್ಟಲೆ ಸರಾಗವಾಗಿ ಕೇಳಿಸುತ್ತವೆ. ಬೇಸಿಗೆಯಲ್ಲಿ ಸಮುದ್ರದ ಮೇಲಿನ ಬಿಸಿಗಾಳಿಯ ಪದರವೂ ಕರಾವಳಿಯ ಕೇಂದ್ರಗಳನ್ನು ದೂರಕ್ಕೆ ಒಯ್ಯುತ್ತದೆ. ಅಂಥ ಹೊತ್ತಿನಲ್ಲಿ ಎಣಿಕೆ ಸಾಧ್ಯವೇ ಇಲ್ಲ. ದಾಖಲೆಯಲ್ಲಿ ಆ ಗಂಟೆಯನ್ನು ಖಾಲಿ ಬಿಡಿ, ಸೊನ್ನೆ ಬರೆಯಬೇಡಿ. ಸೊನ್ನೆ ಎಂದರೆ ಕೇಳಿದೆ, ಉಲ್ಕೆ ಇರಲಿಲ್ಲ. ಖಾಲಿ ಎಂದರೆ ಕೇಳಲಾಗಲಿಲ್ಲ. ಇವೆರಡನ್ನು ಬೆರೆಸಿದ ದಾಖಲೆ ಯಾರಿಗೂ ಪ್ರಯೋಜನಕ್ಕೆ ಬಾರದು.

ಯುರೋಪಿನವರ ಚಿತ್ರಗಳಲ್ಲಿ ಕಾಣುವ, ಉಲ್ಕೆಯ ತಲೆಯಿಂದ ಹುಟ್ಟುವ ಜಾರುಗೆರೆಗಳು ನಿಮ್ಮ ಪರದೆಯಲ್ಲಿ ಮೂಡುವುದಿಲ್ಲ. ಅವಕ್ಕೆ ಕಿರಿದಾದ ಒಂದೇ ವಾಹಕ ತರಂಗ ಬೇಕು. ಎಫ್‌ಎಂನ 200 ಕಿಲೋಹರ್ಟ್ಸ್ ಅಗಲದಲ್ಲಿ ಅದು ಕಳೆದುಹೋಗುತ್ತದೆ. ಇಲ್ಲಿ ಅಳೆಯಬಹುದಾದದ್ದು ಎರಡೇ: ಎಷ್ಟು ಬಂದವು, ಎಷ್ಟು ಹೊತ್ತು ಇದ್ದವು.

ಎಣಿಸುವ ಕ್ರಮ

ಕಿವಿಯಿಂದ ಎಣಿಸುವುದಾದರೆ ಒಂದು ಗಂಟೆ, ಹೆಡ್‌ಫೋನ್, ಕಾಗದ, ಗಡಿಯಾರ. ಯಂತ್ರಕ್ಕೆ ಒಪ್ಪಿಸುವುದಾದರೆ ಎಕೋಸ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ಆರ್‌ಟಿಎಲ್-ಪವರ್ ಎಂಬ ಸಣ್ಣ ಸಾಧನವೂ ಇದೆ, ಆದರೆ ಅದು ಸೆಕೆಂಡಿಗೊಮ್ಮೆಗಿಂತ ವೇಗವಾಗಿ ಅಳೆಯುವುದಿಲ್ಲ. ನಮ್ಮ ಬಹುಪಾಲು ಉಲ್ಕೆಗಳು ಅದಕ್ಕಿಂತ ಬೇಗ ಮುಗಿದಿರುತ್ತವೆ. ಪೈಥಾನ್ ಬಲ್ಲವರು ಸೆಕೆಂಡಿಗೆ 20 ಸಲ ಆ 200 ಕಿಲೋಹರ್ಟ್ಸ್‌ನ ಒಟ್ಟು ಶಕ್ತಿಯನ್ನು ಬರೆದುಕೊಳ್ಳುವ ಹತ್ತಿಪ್ಪತ್ತು ಸಾಲು ಬರೆದರೆ ಸಾಕು. ಹಿಂದಿನ ಐದು ನಿಮಿಷದ ಮಧ್ಯಮಾಂಕಕ್ಕಿಂತ 6 ಡೆಸಿಬೆಲ್ ಮೇಲೇರಿದ್ದನ್ನು ಪ್ರತಿಧ್ವನಿ ಎಂದು ಪರಿಗಣಿಸಿ. ಒಂದು ಸೆಕೆಂಡಿಗಿಂತ ಕಡಿಮೆ ಬಿಡುವಿನಲ್ಲಿ ಮತ್ತೆ ಏರಿದ್ದನ್ನು ಹಿಂದಿನದಕ್ಕೇ ಸೇರಿಸಿ. ಒಮ್ಮೆ ಇಟ್ಟ ಮಿತಿಯನ್ನು ತಿಂಗಳ ನಡುವೆ ಬದಲಿಸಬೇಡಿ, ಗೇನನ್ನೂ ಮುಟ್ಟಬೇಡಿ.

ಸಮಯವನ್ನು ಮೊದಲ ದಿನದಿಂದಲೇ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಬರೆಯಿರಿ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿದೆ. ಆ ಅರ್ಧ ಗಂಟೆಯೇ ತೊಂದರೆ. ಭಾರತೀಯ ಕಾಲದ ಗಂಟೆಗಳಲ್ಲಿ ಎಣಿಸಿಟ್ಟರೆ ಅವು ಯುಟಿಸಿ ಗಂಟೆಗಳ ನಟ್ಟನಡುವೆ ಸೀಳುತ್ತವೆ, ಆಮೇಲೆ ಸರಿಪಡಿಸಲು ದಾರಿಯಿಲ್ಲ. ಆರ್‌ಎಂಒಬಿ ಎಂಬ ಅಂತರರಾಷ್ಟ್ರೀಯ ಜಾಲಕ್ಕೆ ಗಂಟೆವಾರು ಎಣಿಕೆ ಕಳಿಸಬೇಕೆಂದಿದ್ದರೆ ಇದು ಅನಿವಾರ್ಯ.

ಬೆಳಗಿನ ಉಬ್ಬು

ಈಗ ನಿರ್ಣಾಯಕ ಪರೀಕ್ಷೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಬೆಳಗಿನ ಆರರ ಹೊತ್ತಿಗೆ ನಾವು ಆ ಓಟದ ಮುಂಭಾಗದಲ್ಲಿರುತ್ತೇವೆ, ಎದುರು ಬಂದ ಕಣಗಳೆಲ್ಲ ನಮ್ಮ ಕಡೆಗೇ. ಸಂಜೆ ಆರಕ್ಕೆ ಹಿಂಭಾಗದಲ್ಲಿರುತ್ತೇವೆ. ಭೂಮಿಯನ್ನು ಬೆನ್ನಟ್ಟಿ ಹಿಡಿಯಬಲ್ಲವು ಮಾತ್ರ ಸಿಗುತ್ತವೆ. ಹಾಗಾಗಿ ಯಾವ ಉಲ್ಕಾವೃಷ್ಟಿಯೂ ಇಲ್ಲದ ಸಾದಾ ದಿನಗಳಲ್ಲೂ ಮುಂಜಾನೆಯ ಎಣಿಕೆ ಸಂಜೆಯದಕ್ಕಿಂತ ಹಲವು ಪಟ್ಟು ಇರಬೇಕು. ಒಂದು ವಾರ ನಿರಂತರ ದಾಖಲಿಸಿ, ಗಂಟೆವಾರು ಸರಾಸರಿಯ ನಕ್ಷೆ ಬರೆಯಿರಿ. ಮುಂಜಾನೆ ಉಬ್ಬು, ಸಂಜೆ ತಗ್ಗು ಕಂಡರೆ ನೀವು ಉಲ್ಕೆ ಕೇಳುತ್ತಿದ್ದೀರಿ. ಸಂಜೆ ಆರರಿಂದ ಹತ್ತರವರೆಗೆ ಉಬ್ಬಿದ್ದರೆ ನೀವು ಎಣಿಸಿದ್ದು ಬೀದಿಯ ದೀಪಗಳನ್ನೂ ಟಿವಿಗಳನ್ನೂ.

ಮಂಡ್ಯದ ಹಳ್ಳಿಗಳಲ್ಲಿ ಇದಕ್ಕೊಂದು ವಿಶೇಷ ಮೋಸವಿದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ಬರುವುದು ಪಾಳಿಯಲ್ಲಿ, ಕೆಲವು ಸಲ ನಡುರಾತ್ರಿಯ ನಂತರ. ಕಬ್ಬಿನ ಗದ್ದೆಯ ಹತ್ತಾರು ಸ್ಟಾರ್ಟರುಗಳು ಕಿಡಿ ಹಾರಿಸುತ್ತ ಒಟ್ಟಿಗೆ ಎದ್ದರೆ ನಿಮ್ಮ ನಕ್ಷೆಯಲ್ಲಿ ಅಚ್ಚುಕಟ್ಟಾದ ಬೆಳಗಿನ ಉಬ್ಬೊಂದು ಮೂಡಿಬಿಡುತ್ತದೆ. ನಿಜವಾದ ಉಬ್ಬು ಗಂಟೆಗಳ ಉದ್ದಕ್ಕೂ ನಯವಾಗಿ ಏರುತ್ತದೆ. ಪಂಪಿನದು ಕರೆಂಟು ಬಂದ ನಿಮಿಷಕ್ಕೆ ಮೆಟ್ಟಿಲಿನಂತೆ ಏರಿ, ಪಾಳಿ ಬದಲಾದ ವಾರ ಜಾಗವನ್ನೂ ಬದಲಿಸುತ್ತದೆ. ಪಾಳಿಯ ವೇಳಾಪಟ್ಟಿಯನ್ನು ಪಕ್ಕದ ರೈತರಿಂದ ಕೇಳಿ ಬರೆದಿಟ್ಟುಕೊಳ್ಳಿ.

ಯಾವಾಗ ಕೂರಬೇಕು

ಡಿಸೆಂಬರ್ 13–14ರ ಜೆಮಿನಿಡ್‌ನಿಂದ ಶುರುಮಾಡುವುದು ಒಳ್ಳೆಯದು. ಮಿಥುನ ರಾಶಿಯಲ್ಲಿರುವ ಅದರ ಮೂಲಬಿಂದು (ಉಲ್ಕೆಗಳೆಲ್ಲ ಹೊರಟುಬಂದಂತೆ ಕಾಣುವ ಆಕಾಶದ ಬಿಂದು) ಮೈಸೂರಿನಲ್ಲಿ ರಾತ್ರಿ ಎಂಟರ ಸುಮಾರಿಗೆ ಹುಟ್ಟಿ, ಎರಡೂ ಕಾಲರ ಹೊತ್ತಿಗೆ 69 ಡಿಗ್ರಿ ಎತ್ತರ ಮುಟ್ಟುತ್ತದೆ. ಮೂಲಬಿಂದು ನೆತ್ತಿಗೆ ಬಂದಾಗಲೇ ಹೆಚ್ಚು ಎಂದುಕೊಳ್ಳಬೇಡಿ. ಪ್ರತಿಫಲನಕ್ಕೆ ಅನುಕೂಲ ಅದು ನಡುಎತ್ತರದಲ್ಲಿ, ಸುಮಾರು 45 ಡಿಗ್ರಿಯ ಆಸುಪಾಸಿನಲ್ಲಿದ್ದಾಗ. ಹನ್ನೊಂದೂವರೆಗೊಂದು, ಬೆಳಗಿನ ಜಾವಕ್ಕೊಂದು ಹೀಗೆ ಎರಡು ಶಿಖರ ಕಂಡರೆ ಗಾಬರಿಯಾಗಬೇಕಿಲ್ಲ.

ಮೇ 5–6ರ ಈಟಾ ಅಕ್ವಾರಿಡ್ ಹ್ಯಾಲಿ ಧೂಮಕೇತುವಿನ ಧೂಳು. ಮೂಲಬಿಂದು ರಾತ್ರಿ ಎರಡಕ್ಕೆ ಹುಟ್ಟುತ್ತದೆ, ಎಂಟು ಗಂಟೆಯ ಬಿಸಿಲಲ್ಲೂ ಎಣಿಕೆ ನಡೆಯುತ್ತದೆ. ಪರ್ಸೀಡ್‌ನದು ಹನ್ನೊಂದರ ಸುಮಾರಿಗೆ ಹುಟ್ಟಿ, ಬೆಳಗಿನ ಆರಕ್ಕೆ 44 ಡಿಗ್ರಿಗೆ ನಿಲ್ಲುತ್ತದೆ. ಮಳೆ ಸುರಿಯುತ್ತಿರಲಿ, ನಮಗೇನು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೂನ್ 7ರ ಸುಮಾರಿನ ಏರಿಯೆಟಿಡ್. ವರ್ಷದ ಬಲವಾದ ಉಲ್ಕಾವೃಷ್ಟಿಗಳಲ್ಲಿ ಒಂದಾದರೂ ಅದರ ಮೂಲಬಿಂದು ಸೂರ್ಯನ ಪಕ್ಕದಲ್ಲೇ ಇರುವುದರಿಂದ ಕಣ್ಣಿಗೆ ಸಿಗುವುದು ಬೆಳಗಿನ ಜಾವದ ಒಂದೆರಡು ಮಾತ್ರ. ಮೈಸೂರಿನಲ್ಲಿ ಅದು ನಾಲ್ಕು ಗಂಟೆಗೆ ಹುಟ್ಟಿ ಹತ್ತೂಕಾಲಕ್ಕೆ ನಡುನೆತ್ತಿಯ ಬಳಿ ಹಾಯುತ್ತದೆ. ವಿರಳ-ಇ ಪದರದ ಕಾಟವೂ ಅದೇ ತಿಂಗಳಲ್ಲಿ ಹೆಚ್ಚಾದ್ದರಿಂದ ಜೂನ್ 1ರಿಂದಲೇ ದಾಖಲಿಸಿ, ಸ್ವಚ್ಛ ಗಂಟೆಗಳನ್ನಷ್ಟೇ ಹೋಲಿಸಿ.

ಇಷ್ಟು ಪಳಗಿದವರಿಗೆ ಮುಂದಿನ ಹೆಜ್ಜೆ ದಕ್ಷಿಣಕ್ಕಿದೆ. ಕಾಂತೀಯ ಸಮಭಾಜಕದ ಬಳಿ ಇದೆಯೆಂಬ ಕಾರಣಕ್ಕೇ 1963ರಲ್ಲಿ ರಾಕೆಟ್ ಉಡಾವಣೆಗೆ ಆಯ್ಕೆಯಾದ, ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನಲ್ಲಿ, ಮೈಸೂರಿನಿಂದ ಸುಮಾರು 420 ಕಿ.ಮೀ. ದೂರದಲ್ಲಿ, ವಿಜ್ಞಾನಿಗಳು ಬಳಸಿದ ಉಲ್ಕಾ ರೇಡಾರಿನ ಕಂಪನಾಂಕ 35.25 ಮೆಗಾಹರ್ಟ್ಸ್. ಡಾಂಗಲ್ ಅಷ್ಟು ಕೆಳಗೂ ಕೇಳಿಸಿಕೊಳ್ಳುತ್ತದೆ. ಅಲ್ಲಿ ತರಂಗ ಎಫ್‌ಎಂನದಕ್ಕಿಂತ ಮೂರು ಪಟ್ಟು ಉದ್ದವಾದ್ದರಿಂದ ವಿರಳ ಜಾಡುಗಳು ಒಂಬತ್ತು ಪಟ್ಟು ಹೊತ್ತು ನಿಲ್ಲುತ್ತವೆ. ಆ ರೇಡಾರ್ ಈಗಲೂ ಚಾಲನೆಯಲ್ಲಿದ್ದರೆ ಅದರ ಮಿಡಿತಗಳು ಪರದೆಯ ಮೇಲೆ ಬಾಚಣಿಗೆಯ ಹಲ್ಲುಗಳ ಹಾಗೆ ಸಮಾನ ಅಂತರದ ಗೆರೆಗಳಾಗಿ ಬರಬೇಕು. ಡೈಪೋಲಿನ ಒಟ್ಟು ಉದ್ದ 4.06 ಮೀಟರ್, ಕೊಳವೆ ಬೇಡ, ಎರಡು ಕಂಬಗಳ ನಡುವೆ ಕಟ್ಟಿದ ತಾಮ್ರದ ತಂತಿಯೇ ಸಾಕು. ತಂತಿ ಪೂರ್ವ–ಪಶ್ಚಿಮವಾಗಿರಲಿ.